ಒಬ್ಬರ ಟೆಂಟು

ಗೋರಮ್, ನ್ಯೂ ಹ್ಯಾಂಪ್‌ಷೈರ್
ಆಗಸ್ಟ್ 14

ಪ್ರೀತಿಯ ಬರ್ನಡೀನ್ ಅಕ್ಕನಿಗೆ,

ನಿನ್ನ ತಂಗಿ ಇನ್ನೂ ಬದುಕಿದ್ದಾಳೆ, ಎರಡೂ ಕಾಲಿನ ಮೇಲೆ ನಿಂತಿದ್ದಾಳೆ, ಹದಿನೆಂಟು ದಿನ ಕಾಗದ ಬರೆಯದೆ ಇದ್ದದ್ದಕ್ಕೆ ಕ್ಷಮೆ ಕೇಳುತ್ತಿದ್ದಾಳೆ. ಬೈಯಬೇಡ. ಹ್ಯಾನೋವರ್ ಅಂಚೆ ಕಚೇರಿಯಲ್ಲಿ ನಿನ್ನ ಕಾಗದ ಸಿಕ್ಕಿದ ದಿನವೇ ಉತ್ತರ ಬರೆಯಲು ಕೂತಿದ್ದೆ. ಎರಡು ಸಾಲು ಬರೆದು ಹರಿದು ಹಾಕಿದೆ. ಆಮೇಲೆ ಬಿಳಿ ಬೆಟ್ಟಗಳೆಂಬ ಈ ಪರ್ವತಸಾಲು ಶುರುವಾಯಿತು. ಅಲ್ಲಿ ಬಂಡೆ ಹಿಡಿಯುವುದಕ್ಕೇ ಎರಡು ಕೈ ಸಾಲದು, ಪೆನ್ನು ಹಿಡಿಯುವ ಮಾತೆಲ್ಲಿ ಬಂತು!

ನಿನ್ನ ಕಾಗದ ನನಗೆ ಬಾಯಿಪಾಠವಾಗಿದೆ. "ಇಪ್ಪತ್ತು ವರ್ಷದಿಂದ ಜೊತೇಲಿ ನಡೀತೀನಿ ಅಂತ ಹೇಳಿ ಕೊನೇ ಗಳಿಗೇಲಿ ಕೈ ಕೊಟ್ಟವಳು ನಾನು. ಈಗ ಕಡೇ ನೂರು ಮೈಲಿಗೆ ಬಂದು ಯಾವ ಮುಖ ಇಟ್ಕೊಂಡು ನಿನ್ನ ಪಕ್ಕ ಫೋಟೋಕ್ಕೆ ನಿಲ್ಲಲಿ? ನೀನೇ ಮುಗಿಸು, ಓಪಲ್." ಹೀಗೆ ಬರೆದಿದ್ದೀಯ. ಕೇಳು, ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಬರುವುದಿಲ್ಲ ಎಂದು ಗೇಟು ಹಿಡಿದು ನಿಂತ ಎಷ್ಟು ಜನರನ್ನು ಹತ್ತಿಸಿಕೊಂಡಿದ್ದೇನೆ ಎಂಬುದು ನಿನಗೆ ಗೊತ್ತು. ಸೆಪ್ಟೆಂಬರ್ ಮೂರಕ್ಕೆ ನೀನು ಮೇನ್ ರಾಜ್ಯದ ಮಾನ್ಸನ್ ಊರಿನಲ್ಲಿ ಇರಬೇಕು. ಅಲ್ಲಿಂದ, ಜಾರ್ಜಿಯಾದಲ್ಲಿ ನಾನು ಹಿಡಿದ ಎರಡು ಸಾವಿರ ಮೈಲಿಯ ಕಾಲುಹಾದಿ ಮುಗಿಯುವ ಕಟಾಡಿನ್ ಬೆಟ್ಟದವರೆಗೆ ನಾವಿಬ್ಬರೂ ನಡೆಯಬೇಕು. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ.

ಮೊದಲು ದೊಡ್ಡ ಸುದ್ದಿ. ನಾನು ಟೆಂಟು ಬದಲಾಯಿಸಿದೆ! ನೀನು ನಗುತ್ತಿದ್ದೀಯ ಎಂದು ಗೊತ್ತು. ಯಾಕೆಂದರೆ ಮೊದಲಿನ ಟೆಂಟಿನ ಗುಣಗಾನದಲ್ಲೇ ನನ್ನ ಹಿಂದಿನ ಆರು ಕಾಗದಗಳೂ ತುಂಬಿಹೋಗಿದ್ದವು. ಪೆನ್ಸಿಲ್ವೇನಿಯಾದ ರೋಲಿನ್ ಪ್ಯೂ ಎಂಬಾತ ತನ್ನ ಗ್ಯಾರೇಜಿನಲ್ಲಿ ಒಂದೇ ಮಿಷನ್ನು ಇಟ್ಟುಕೊಂಡು ಹೊಲಿದ ಟೆಂಟು ಅದು. ಬರೀ ಹದಿನೇಳು ಔನ್ಸು. ಬಟ್ಟೆಯೋ ಬ್ರೆಡ್ಡು ಸುತ್ತುವ ಕಾಗದದಷ್ಟು ತೆಳು. ಸ್ವಂತ ಕಂಬವೇ ಇಲ್ಲ, ನಡೆಯುವಾಗ ಹಿಡಿಯುವ ಎರಡು ಊರುಗೋಲನ್ನೇ ನೆಟ್ಟು ನಾಲ್ಕು ಮೂಲೆಗೆ ಗೂಟ ಹೊಡೆದರೆ ಮನೆ ಸಿದ್ಧ. ಹೊರಡುವ ಮುಂಚೆ ನಾನು ಅಡುಗೆಮನೆಯ ತಕ್ಕಡಿ ಮುಂದಿಟ್ಟುಕೊಂಡು ಒಂದೊಂದು ಕಾಲ್ಚೀಲವನ್ನೂ ತೂಗಿದ್ದು, ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಕತ್ತರಿಸಿದ್ದು, ಅಂಗಿಯ ಕತ್ತಿನ ಲೇಬಲ್ಲು ಕಿತ್ತದ್ದು ನಿನಗೆ ನೆನಪಿರಬಹುದು. ಆ ತಕ್ಕಡಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ಚೀಲಕ್ಕೆ ಹಾಕಿಕೊಂಡು ಬಂದೆ! ಜಾರ್ಜಿಯಾದ ಮೊದಲ ವಸತಿಗೃಹದಲ್ಲಿ ಎಲ್ಲರ ಸಾಮಾನನ್ನೂ ತೂಗಿ ಉಪದೇಶ ಮಾಡಿದೆ. ಅವರು ನಕ್ಕು ನಕ್ಕು ನನಗೆ "ತಕ್ಕಡಿ" ಎಂದೇ ಹೆಸರಿಟ್ಟರು. ಈ ಹಾದಿಯಲ್ಲಿ ನಿಜವಾದ ಹೆಸರನ್ನು ಯಾರೂ ಕೇಳುವುದಿಲ್ಲ, ಜೊತೆಯವರು ಇಟ್ಟದ್ದೇ ಹೆಸರು.

ಆ ಟೆಂಟು ಶುರುವಿನಲ್ಲಿ ನನ್ನನ್ನು ಅಳಿಸಿಯೂ ಬಿಟ್ಟಿತು. ಮೊದಲ ವಾರ ದಿನವೂ ಬೆಳಿಗ್ಗೆ ಎದ್ದರೆ ಮುಖದ ಮೇಲೆ ತೊಟಕ್ ತೊಟಕ್ ಎಂದು ನೀರು. ಸೋರುವ ಟೆಂಟು ಮಾರಿದ್ದೀಯ ಎಂದು ಪ್ಯೂಗೆ ಖಾರವಾದ ಕಾರ್ಡು ಬರೆದು ಹಾಕಿದೆ. ಅದನ್ನು ಕೇಳಿ ಪಿಕಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಕಲ್ ಎಂದರೆ ಆ ಆರಡಿ ಎತ್ತರದ ಪ್ಲಂಬರ್, ಟೆನ್ನೆಸ್ಸಿಯವನು, ಅರವತ್ತೆರಡು ವರ್ಷ, ಮೊದಲ ದಿನದಿಂದ ನನ್ನ ಹಿಂದೆ ಮುಂದೆ ನಡೆಯುತ್ತಿದ್ದಾನೆ.

"ಅದು ಮಳೆ ಅಲ್ಲ ಕಣ್ರೀ, ನಿಮ್ಮ ಉಸಿರು," ಎಂದ. "ನಿದ್ದೇಲೂ ಮಾತಾಡ್ತೀರಲ್ಲ, ಅದೆಲ್ಲ ಹೋಗಿ ಬಟ್ಟೆಗೆ ಅಂಟ್ಕೊಳ್ಳುತ್ತೆ. ಬಾಗಿಲು ತೆಗೆದಿಟ್ಟು ಮಲಗಿ."

"ಚಳಿ ಆಗಲ್ವೇನ್ರೀ?"

"ಚಳಿಗೆ ಟೋಪಿ ಹಾಕ್ಕೋಬಹುದು. ನೆನೆದ ಸ್ಲೀಪಿಂಗ್ ಬ್ಯಾಗಿಗೆ ಏನು ಹಾಕ್ತೀರಿ?"

ಬಾಗಿಲು ತೆಗೆದು ಮಲಗಿದೆ, ಒಂದು ಹನಿ ಬೀಳಲಿಲ್ಲ. ಪ್ಯೂಗೆ ಇನ್ನೊಂದು ಕಾರ್ಡು ಬರೆದು ತಪ್ಪಾಯಿತು ಎಂದೆ. ಆಮೇಲೆ ಸಾವಿರದ ಏಳುನೂರು ಮೈಲಿ ಆ ಟೆಂಟು ನನ್ನನ್ನು ಕಾಪಾಡಿದೆ. ಹೂವಿನಷ್ಟು ಹಗುರ ಅಕ್ಕ, ಬೆಳಿಗ್ಗೆ ಮಡಚಿ ಚೀಲಕ್ಕೆ ತುರುಕುವಾಗ ನನಗೆ ಖುಷಿಯಿಂದ ನಗು ಬರುತ್ತಿತ್ತು.

ಬಿಳಿ ಬೆಟ್ಟಗಳಿಗೆ ಬಂದ ಮೇಲೆ ಅದರ ಜಂಬವೂ ಇಳಿಯಿತು, ನನ್ನದೂ ಇಳಿಯಿತು. ಹತ್ತು ದಿನದ ಹಿಂದೆ ಗಾರ್ಫೀಲ್ಡ್ ಬೆಟ್ಟದ ಕೆಳಗೆ ತಂಗುವ ಜಾಗಕ್ಕೆ ಬಂದೆ. ಮಧ್ಯಾಹ್ನ ಮೂರು ಗಂಟೆ, ಆಕಾಶ ಕಪ್ಪಿಟ್ಟಿತ್ತು. ಮೂರು ಗೋಡೆಯ ಮರದ ಚಾವಡಿ ಭರ್ತಿಯಾಗಿತ್ತು. ಟೆಂಟು ಹಾಕುವವರಿಗೆಂದು ಅಲ್ಲಿ ಹಲಗೆಯ ಕಟ್ಟೆಗಳನ್ನು ಕಟ್ಟಿದ್ದಾರೆ, ಎಲ್ಲರೂ ನೆಲ ತುಳಿದು ಗಿಡ ಸಾಯದಿರಲಿ ಎಂದು. ನನ್ನ ಟೆಂಟು ನಿಲ್ಲುವುದೇ ಗೂಟದ ಮೇಲೆ. ಹಲಗೆಗೆ ಗೂಟ ಹೊಡೆಯುವುದು ಹೇಗೆ? ಕಾಲು ಔನ್ಸಿನ ಗೂಟ ಹುಡುಕಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳಿಗೆ ಇದೊಂದು ಮಾತ್ರ ಹೊಳೆದಿರಲಿಲ್ಲ. ಕೈಯಲ್ಲಿ ಗೂಟ ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ.

"ಏನ್ರೀ ತಕ್ಕಡಿ, ಸುತ್ತಿಗೆ ಬೇಕಾ?" ಎಂದ ಪಿಕಲ್. ಅವನದು ಸ್ವಂತ ಕಂಬ ಇರುವ ನಾಲ್ಕು ಪೌಂಡಿನ ಟೆಂಟು, ಛತ್ರಿ ಬಿಚ್ಚಿದಂತೆ ಬಿಚ್ಚಿ ಇಟ್ಟು ಮುಗಿಸಿದ್ದ. ಆರು ತಿಂಗಳಿಂದ ಅದರ ತೂಕಕ್ಕೆ ನಾನು ಮಾಡಿದ ಗೇಲಿಯನ್ನೆಲ್ಲ ಅವತ್ತು ಬಡ್ಡಿ ಸಮೇತ ತೀರಿಸಿಕೊಂಡ. ಆಮೇಲೆ ಮನುಷ್ಯ ಒಳ್ಳೆಯವನು, ಬಂದು ತೋರಿಸಿಕೊಟ್ಟ. ಗೂಟದ ನಡುವಿಗೆ ದಾರ ಕಟ್ಟಿ, ಹಲಗೆಯ ಸಂದಿಯೊಳಗೆ ಇಳಿಸಿ, ಕೆಳಗೆ ಅಡ್ಡ ತಿರುಗಿಸಬೇಕು. ಅಂಗಿಯ ಗುಂಡಿಯ ಹಾಗೆ ಸಿಕ್ಕಿಕೊಳ್ಳುತ್ತದೆ. ಟೆಂಟು ಎದ್ದು ನಿಂತಿತು, ಅದೇ ಹೊತ್ತಿಗೆ ಮಳೆ ಹಿಡಿಯಿತು.

ಆ ಮಳೆಯಲ್ಲಿ ಒಬ್ಬಳು ಹೆಂಗಸು ಕಾಡಿನಿಂದ ಹೊರಗೆ ಬಂದಳು. ವಯಸ್ಸು ನಿನ್ನದೇ ಇರಬೇಕು ಎಂದುಕೊಂಡೆ, ಆಮೇಲೆ ಕೇಳಿದರೆ ಅರವತ್ತೊಂಬತ್ತು, ನಿನಗಿಂತ ಮೂರು ಹೆಚ್ಚು. ತೊಪ್ಪೆಯಾಗಿದ್ದಳು, ತುಟಿ ನೀಲಿ, ಹಲ್ಲು ಕಟಕಟ ಎನ್ನುತ್ತಿತ್ತು. ತನ್ನ ಟೆಂಟು ಬಿಚ್ಚಲು ಅವಳ ಬೆರಳು ಬಗ್ಗುತ್ತಿರಲಿಲ್ಲ. ನಾನು ರಟ್ಟೆ ಹಿಡಿದು ನನ್ನ ಟೆಂಟಿನೊಳಗೆ ಎಳೆದುಕೊಂಡೆ. ಒಬ್ಬಳು ಕೈ ಚಾಚಿ ಮಲಗಲೂ ಆಗದ ಜಾಗ ಅಕ್ಕ. ಇಬ್ಬರೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಬೆನ್ನಿಗೆ ಬೆನ್ನು ಕೊಟ್ಟು, ಎರಡು ಗಂಟೆ ಕೂತೆವು. ನನ್ನ ಒಣ ಸ್ವೆಟರು ಹೊದಿಸಿ, ಒಲೆಯಲ್ಲಿ ನೀರು ಕಾಯಿಸಿ ಕೋಕೋ ಕುಡಿಸಿದೆ. ಮೈಗೆ ಬಿಸಿ ಬಂದ ಮೇಲೆ ಬಾಯಿ ಬಂತು.

"ನನ್ನ ಹೆಸರು ಕಾಕಂಬಿ," ಎಂದಳು. "ಸೀಸೆಯಿಂದ ಸುರಿದ ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಬರ್ತೀನಿ ಅಂತ ಇಟ್ಟವ್ರೆ. ಮೊಣಕಾಲು ನೋಡು, ಎರಡೂ ಹೋಗಿದೆ. ದಿನಕ್ಕೆ ಎಂಟು ಮೈಲಿ, ಜಾಸ್ತಿ ಅಂದ್ರೆ ಒಂಬತ್ತು. ಅದಕ್ಕೇ ಎಲ್ಲರಿಗಿಂತ ಮುಂಚೆ, ಜನವರಿ ಶುರೂಲೇ ಹೊರಟೆ."

"ನೋವಾಗಲ್ವಾ?"

"ಆಗುತ್ತೆ. ಮನೇಲಿ ಕೂತ್ರೂ ಆಗುತ್ತೆ. ಅಲ್ಲಿ ನೋಡೋಕೆ ಏನಿದೆ, ಟೀವಿ!" ಎಂದು ನಕ್ಕಳು. ಹಾಗೇ ಕೇಳಿದಳು, "ನೀನು ಒಬ್ಬಳೇನಾ?"

ನಾನು ನಿನ್ನ ವಿಷಯ ಹೇಳಿದೆ. ಇಪ್ಪತ್ತು ವರ್ಷದ ಹಿಂದೆ ನಿನ್ನ ಹಿತ್ತಲಲ್ಲಿ ಇಬ್ಬರೂ ನಕ್ಷೆ ಹರಡಿಕೊಂಡು ಕೂತದ್ದು, ನಿವೃತ್ತಿಯಾದ ಮೇಲೆ ಹೋಗೋಣ ಎಂದುಕೊಂಡದ್ದು, ಕೊನೆಗೆ ನಿನ್ನ ಬಲಗಾಲಿನ ಮೊಣಕಾಲು ಕೈ ಕೊಟ್ಟದ್ದು.

"ಅವಳೇ ಬರಲ್ಲ ಅಂದಳಾ?" ಎಂದು ಕೇಳಿದಳು.

"ಹೂಂ, ಅವಳೇ," ಎಂದೆ.

ಮಳೆ ನಿಂತಿತು. ಅವಳ ಟೆಂಟು ಹಾಕಿಕೊಟ್ಟೆ. ಮಾರನೆ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹೊರಟೇ ಹೋಗಿದ್ದಳು. ಹತ್ತು ಗಂಟೆಗೆ ಅವಳನ್ನು ದಾಟಿದೆ. ಬಂಡೆಯ ಮೇಲೆ ಕುಂಡಿ ಊರಿಕೊಂಡು, ಒಂದೊಂದೇ ಕಾಲು ಕೆಳಗೆ ಬಿಡುತ್ತಾ ಇಳಿಯುತ್ತಿದ್ದಳು, ಏನೋ ಹಾಡು ಗುನುಗುತ್ತಿದ್ದಳು. ಆವತ್ತಿನಿಂದ ನನಗೆ ಒಂದೇ ಯೋಚನೆ.

ನಿನ್ನೆ ಇಲ್ಲಿಗೆ ಬಂದೆ. ಮಾರ್ಲಿಸ್ ಎಂಬುವಳ ವಸತಿಗೃಹ. ಸ್ನಾನ ಮಾಡಿದೆ, ಆರು ಮೊಟ್ಟೆ ತಿಂದೆ. ಜಗಲಿಯ ಮೇಲೆ ಒಂದು ಪೆಟ್ಟಿಗೆ ಇದೆ, ನಡೆಯುವವರು ತಮಗೆ ಬೇಡವಾದದ್ದನ್ನು ಅದರಲ್ಲಿ ಹಾಕಿ ಹೋಗುತ್ತಾರೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಹೋಗಿ ನೋಡಿದರೆ ಸೂಪಿನ ಪೊಟ್ಟಣಗಳ ಕೆಳಗೆ ಇಬ್ಬರು ಮಲಗುವ ಟೆಂಟು! ನನಗೆ ಕೂಗುವ ಹಾಗಾಯಿತು, ಕೂಗಿಯೇ ಬಿಟ್ಟೆ.

"ಆ ಗಂಡ ಹೆಂಡ್ತೀದು," ಎಂದಳು ಮಾರ್ಲಿಸ್. "ಜಾರ್ಜಿಯಾದಿಂದ ಇಲ್ಲೀತನಕ ಅದರಲ್ಲೇ ಬಂದ್ರು. ಇನ್ನೊಂದು ರಾತ್ರಿ ಇದರಲ್ಲಿ ಮಲಗಿದ್ರೆ ಡೈವೋರ್ಸೇ ಅಂತ ಹೇಳಿ ಮನೆಗೆ ಬಸ್ ಹತ್ತಿದ್ರು. ತಗೊಂಡು ಹೋಗಮ್ಮ, ಪುಣ್ಯ ಬರುತ್ತೆ."

ತೂಗಿದೆ, ಇಪ್ಪತ್ತೇಳು ಔನ್ಸು. ಪಿಕಲ್ ಜಗಲಿಯಿಂದಲೇ ಕೂಗಿದ, "ಹತ್ತು ಔನ್ಸು ಜಾಸ್ತಿ! ಏನ್ರೀ, ತಕ್ಕಡಿ ಕೆಟ್ಟೋಯ್ತಾ?" ಕೆಟ್ಟರೆ ಕೆಡಲಿ ಎಂದೆ. ಹುಲ್ಲಿನ ಮೇಲೆ ಟೆಂಟು ಹಾಕಿ ನೋಡಿದೆ. ಅಕ್ಕ, ಎರಡು ಬಾಗಿಲು! ನೀನು ಎದ್ದು ಹೊರಗೆ ಹೋಗಬೇಕಾದರೆ ನನ್ನನ್ನು ತುಳಿಯಬೇಕಾಗಿಲ್ಲ. ಎದ್ದು ಕೂತರೆ ತಲೆ ತಾಗುವುದಿಲ್ಲ. ಹೊಲಿಗೆ ಒಂದೆರಡು ಕಡೆ ಬಿಟ್ಟುಕೊಂಡಿತ್ತು, ಅಂಟು ತಂದು ಬ್ರಷ್ಷಿನಲ್ಲಿ ಬಳಿದು ಬಿಸಿಲಿನಲ್ಲಿ ಒಣಗಿಸಿದೆ. ಪಿಕಲ್ ಪೈಪಿನಿಂದ ಅರ್ಧ ಗಂಟೆ ನೀರು ಹಾಯಿಸಿ ಪರೀಕ್ಷೆ ಮಾಡಿದ, ಒಳಗೆ ನಾನು ಮಲಗಿದ್ದೆ. ಒಂದು ತೊಟ್ಟೂ ಇಳಿಯಲಿಲ್ಲ. ಹಳೆಯ ಟೆಂಟನ್ನು ಕಾಕಂಬಿಗೆ ಕೊಡು ಎಂದು ಮಾರ್ಲಿಸ್ ಕೈಯಲ್ಲಿ ಬಿಟ್ಟಿದ್ದೇನೆ. ಅವಳ ಟೆಂಟು ಭಾರ, ಇನ್ನೆರಡು ದಿನಕ್ಕೆ ಇಲ್ಲಿಗೆ ಬಂದಾಳು.

ನಿನ್ನ ಪ್ರಯಾಣವನ್ನೂ ಯೋಚಿಸಿಟ್ಟಿದ್ದೇನೆ. ಬ್ಯಾಂಗರ್‌ವರೆಗೆ ಬಸ್ಸು ಇದೆ, ಅಲ್ಲಿಂದ ಮಾನ್ಸನ್‌ಗೆ ಕರೆತರುವವರ ನಂಬರು ಹಿಂಬದಿಯಲ್ಲಿ ಬರೆದಿದ್ದೇನೆ. ದಿನಕ್ಕೆ ಎಂಟೇ ಮೈಲಿ, ಹದಿಮೂರು ದಿನ. ಅರ್ಧ ದಾರಿಗೆ ಊಟದ ಬಕೆಟ್ಟು ತಂದಿಡುವವರಿದ್ದಾರೆ, ಆದ್ದರಿಂದ ನಿನ್ನ ಬೆನ್ನಿನ ಮೇಲೆ ಹನ್ನೆರಡು ಪೌಂಡಿಗಿಂತ ಹೆಚ್ಚು ಇರುವುದಿಲ್ಲ. ಟೆಂಟು, ಒಲೆ, ಪಾತ್ರೆ ಎಲ್ಲ ನನ್ನದು. ಬೆಚ್ಚಗಿನ ಸ್ಲೀಪಿಂಗ್ ಬ್ಯಾಗ್ ತಾ, ಜೀನ್ಸ್ ತರಬೇಡ, ದಮ್ಮಯ್ಯ. ಕೊನೆಯ ಬೆಟ್ಟವನ್ನು ನಿನ್ನ ಮೊಣಕಾಲು ಒಪ್ಪಿದಷ್ಟು ಹತ್ತೋಣ, ಅದು ಎಲ್ಲಿ ಸಾಕು ಎನ್ನುತ್ತದೋ ಅಲ್ಲಿ ನಿಂತು ಫೋಟೋ ತೆಗೆಸೋಣ. ಪಿಕಲ್‌ಗೆ ಆಗಲೇ ಹೇಳಿಟ್ಟಿದ್ದೇನೆ.

ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಟೊಮೇಟೊ ಗಿಡಗಳನ್ನೂ. ಮೊಮ್ಮಗಳು ಡೆಲ್ಫಿಗೆ ನನ್ನ ಮುತ್ತು, ಒಳ್ಳೆಯ ಗಟ್ಟಿ ಕಾಲು ಬರಲಿ ಅವಳಿಗೆ.

ನಿನ್ನ ತಂಗಿ,
ಓಪಲ್

ತಾ.ಕ. ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ವಾಪಸ್ಸು ಬಂದು ಒಡೆದೆ. ಕಾಕಂಬಿಗೆ ನಾನು ಹೇಳಿದ್ದು ಸುಳ್ಳು ಅಕ್ಕ, ನೀನಾಗಿ ಬರುವುದಿಲ್ಲ ಎನ್ನಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಅಭ್ಯಾಸಕ್ಕೆಂದು ಮೂರು ದಿನ ನಡೆದೆವಲ್ಲ, ಪ್ರತಿ ತಿರುವಿನಲ್ಲೂ ನಾನು ನಿನಗಾಗಿ ನಿಂತು ಕಾಯಬೇಕಾಯಿತು. ನನಗೆ ಸಿಟ್ಟು ಬಂತು. ಹೀಗಾದರೆ ಎಂದು ಮುಗಿಯುತ್ತದೆ ಎನ್ನಿಸಿತು. ಮನೆಗೆ ಬಂದ ಆ ಭಾನುವಾರವೇ ಪ್ಯೂಗೆ ಒಬ್ಬರ ಟೆಂಟು ಹೊಲಿಯಲು ಹೇಳಿದೆ. ಕೇಳಿದ ಮೇಲೆ ಹೊಲಿಯುವವನು ಅವನು, ಹತ್ತು ವಾರ ಕಾಯಬೇಕು. ಆ ಹತ್ತು ವಾರವೂ ನಿನ್ನ ಜೊತೆ ಕೂತು ಇಬ್ಬರ ಪ್ರಯಾಣದ ಮಾತಾಡಿದೆ.

ಕ್ರಿಸ್ಮಸ್ಸಿಗೆ ಮುಂಚೆ ನಿನ್ನ ಅಡುಗೆಮನೆಯಲ್ಲಿ ನೀನು ಕೇಳಿದೆ, "ದಿನಕ್ಕೆ ಎಂಟು ಮೈಲಿ ನಡೆದ್ರೆ ಆಗಲ್ವೇನೆ?" ನಾನು ನಿನ್ನ ಮೊಣಕಾಲಿನ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಬೆಟ್ಟದ ಮೇಲೆ ಬಿದ್ದರೆ ಗತಿಯೇನು, ಡೆಲ್ಫಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಹೆದರಿಸಿದೆ. ನಿನ್ನ ಕಣ್ಣಲ್ಲಿ ನೀರು ಬಂತು. "ಮಾತು ತಪ್ಪಿದೆ ಕಣೆ, ಕ್ಷಮಿಸು" ಎಂದೆ ನೀನು. ನಾನು ನಿನ್ನನ್ನು ತಬ್ಬಿಕೊಂಡು, ಪರವಾಗಿಲ್ಲ ಬಿಡು ಎಂದೆ. ಆ ಹೊತ್ತಿಗೆ ಟೆಂಟು ನಿನ್ನ ಮನೆ ಮುಂದೆ ನಿಂತಿದ್ದ ನನ್ನ ಕಾರಿನ ಡಿಕ್ಕಿಯಲ್ಲಿತ್ತು.

ಮೂರನೇ ತಾರೀಕು ಮಾನ್ಸನ್ ಅಂಚೆ ಕಚೇರಿಯ ಮುಂದೆ ನಿಂತಿರುತ್ತೇನೆ, ನಾಲ್ಕಕ್ಕೂ ಐದಕ್ಕೂ ನಿಂತಿರುತ್ತೇನೆ. ನೀನು ಬಾರದೆ ಇರಬಹುದು. ಆದರೆ ಅದು ನನ್ನ ಮೇಲಿನ ಸಿಟ್ಟಿಗಾಗಿ ಇರಲಿ ಅಕ್ಕ, ಮಾತು ತಪ್ಪಿದೆನೆಂಬ ನಾಚಿಕೆಗಾಗಿ ಬೇಡ.