ಅಪ್ಪನ ಗ್ರಾಫ್

ಮೂಡುಬಿದಿರೆ
ಗುರುವಾರ

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳಿದರೆ ನಿನ್ನ ಪಕ್ಕದಲ್ಲಿರುವ ಅಪ್ಪನಿಗೂ ಕೇಳಿಸುತ್ತದೆಂದು ಬರೆಯುತ್ತಿದ್ದೇನೆ.

ಪಾರ್ಶ್ವವಾಯುವಿನ ನಂತರ ಅಪ್ಪನಿಗೆ ಮಾತು ಕಲಿಸುತ್ತಿರುವ ರಿಫಾ ತನ್ನ ದೊಡ್ಡ ಪ್ರಬಂಧವನ್ನು ತಪ್ಪು ತಿದ್ದಲು ನನಗೆ ಕೊಟ್ಟಿದ್ದಳು. ಅದರಲ್ಲಿ ಅಪ್ಪನ ವಿವರದ ಕೆಳಗಿದ್ದ, ಮಾತಿನ ಪ್ರಗತಿ ತೋರಿಸುವ ಗ್ರಾಫಿನ ಗೆರೆ ತಿಂಗಳು ಕಳೆದಂತೆ ಇಳಿಯುತ್ತಲೇ ಹೋಗಿತ್ತು. ನಮಗೆ ಹೇಳಲಾಗದೆ ಮುಚ್ಚಿಟ್ಟಿದ್ದಾಳೆ ಅಂದುಕೊಂಡೆ. ಭಾನುವಾರ ನಾನು ಊಟ ಬಿಟ್ಟು ಬೇಗ ಹೊರಟದ್ದು ಅದಕ್ಕೇ.

ಇವತ್ತು ಧೈರ್ಯ ಮಾಡಿ ಕೇಳಿದೆ. ಅವಳು ಕಂಪ್ಯೂಟರ್ ತೆರೆದು ನೋಡಿ, "ಅಯ್ಯೋ ಮಾರಾಯ್ತಿ, ಇದು ನಿನ್ನ ಅಪ್ಪನದ್ದಲ್ಲ! ಮೇಲೆ ಎರಡು ಪ್ಯಾರಾ ಸೇರಿಸಿದ್ದೆ, ಗ್ರಾಫೆಲ್ಲ ಕೆಳಗೆ ಜಾರಿ ಕೂತಿದೆ" ಎಂದಳು. ಅಪ್ಪನದ್ದು ಮುಂದಿನ ಪುಟದಲ್ಲಿತ್ತು, ಮೆಲ್ಲಗೆ ಮೇಲೇರುತ್ತಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಹಸಿವಾದದ್ದು. ಇನ್ನು ಜಾರದ ಹಾಗೆ ಒಂದೊಂದು ಗ್ರಾಫನ್ನೂ ಅದರದರ ಪ್ಯಾರಾದ ಜೊತೆಗೇ ಕಟ್ಟಿಹಾಕಿದೆವು. ಆ ಇಳಿಯುವ ಗೆರೆ ಯಾರದ್ದೆಂದು ನಾನು ಕೇಳಲಿಲ್ಲ.

ಅಪ್ಪ ನೀರು ಕೇಳುವಾಗ ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಕಾಯಬೇಕೆಂದು ರಿಫಾ ಹೇಳಿದ್ದಾಳೆ. ನೀನು ಮೊದಲೇ ಲೋಟ ಹಿಡಿದು ನಿಲ್ಲಬೇಡ.

ನಿನ್ನ
ವಿಸ್ಮಿತಾ