ಸವೆಯದೇ ಉಳಿದ ಲೈನರ್

ಮಾವ,

ಅಳಿಯ ಕಾಗದ ಬರೆದರೆ ಏನೋ ಕೇಳೋದಕ್ಕೇ ಅಂತ ನೀವು ನಗುತ್ತಿದ್ದಿರಿ. ಈ ಸಲ ಕೇಳೋಕಲ್ಲ, ಹೇಳೋಕೆ. ನಿಮ್ಮ ಲಾರಿಯ ಹಿಂದಿನ ಗಾಲಿಗಳಿಗೆ ಬ್ರೇಕೇ ಇರಲಿಲ್ಲ, ಮಾವ. ಕಡಿಮೆ ಇತ್ತು ಅಂತಲ್ಲ. ಇರಲೇ ಇಲ್ಲ.

ನೀವು ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟ ಮೊದಲ ದಿನ ನೆನಪಿದೆಯಾ? ದೇವನಹಳ್ಳಿ ದಾಟುವುದರೊಳಗೆ, "ಅಳೀಮಯ್ಯ, ನೀನು ಲಾರಿ ಓಡಿಸ್ತಿಲ್ಲ, ಬ್ರೇಕ್ ತಿಂತಾ ಇದೀಯ" ಅಂದಿರಿ. ಆಮೇಲೆ ಹೋಟೆಲ್ ಮುಂದೆ ನಾಲ್ಕು ಜನ ಡ್ರೈವರುಗಳನ್ನು ಕೂರಿಸಿ, ಹಿಂದಿನ ಗಾಲಿಯ ಒಳಗಿನ ಕಿಂಡಿಗೆ ಬೆಂಕಿಕಡ್ಡಿ ಗೀರಿ ಹಿಡಿದು ತೋರಿಸಿದಿರಿ. "ಮುಂದಿನ ಲೈನರ್ ಸವೀತದೆ, ಅದು ರಸ್ತೆ ದೋಷ. ಹಿಂದಿಂದು ನೋಡ್ರಪ್ಪ, ಹಾಕಿಸ್ದಾಗ ಹೆಂಗಿತ್ತೋ ಹಂಗೇ ಐತೆ. ಅದು ಕಾಲಿನ ಗುಣ." ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯಿತು, ನಿಮ್ಮ ಹಿಂದಿನ ಲೈನರ್ ಮಾತ್ರ ಬದಲಾಗಲಿಲ್ಲ. ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸಬೇಕಾದ ಪಟ್ಟಿ ಸವೆಯದೇ ಉಳಿಯುವುದು ಹೇಗೆ? ನಾವು ಬಾಯಿ ಬಿಟ್ಟುಕೊಂಡು ನೋಡಿದೆವೇ ಹೊರತು...

ಕೇಳಿದವನು ಮುನಿಯಪ್ಪ ಒಬ್ಬನೇ. ನನಗಿಂತ ಮುಂಚೆ ನಿಮ್ಮ ಡ್ರೈವರಾಗಿದ್ದವನು. ಹೊಸಕೋಟೆ ದಾರಿಯಲ್ಲಿ ನಿಂತಿದ್ದ ಗಾಡಿಗೆ ಗುದ್ದಿ, ಎತ್ತಿನ ಕಾಲು ಮುರಿದು, ಅಳುತ್ತಾ ಬಂದಿದ್ದ. "ಹಿಂದಿಂದು ಹಿಡೀತಿಲ್ಲ ಯಜಮಾನ್ರೇ, ಒಂದ್ಸಲ ಬಿಚ್ಚಿಸಿ ನೋಡಿ." ನೀವು ಹತ್ತಿ ಕೂತು ಪೆಡಲ್ ತುಳಿದಿರಿ. ಕಲ್ಲಿನ ಹಾಗೆ ಗಟ್ಟಿ. "ಇಂಥ ಪೆಡಲ್ ಇಟ್ಕಂಡು ಬ್ರೇಕ್ ಇಲ್ಲ ಅಂತೀಯೇನ್ಲಾ?" ಅಂತ ಎಲ್ಲರ ಎದುರೇ ಕೆನ್ನೆಗೆ ಬಿಟ್ಟಿರಿ. ನೀವು ಕೆಲಸದಿಂದ ಬಿಡಿಸಿದ ಡ್ರೈವರಿಗೆ ಬೇರೆ ಯಾವ ಮಾಲೀಕ ಕೆಲಸ ಕೊಡುತ್ತಾನೆ? ಅವನು ಊರು ಬಿಟ್ಟ.

ಹೋದ ವಾರ ಚಪ್ಪಡಿ ಹೇರಿಕೊಂಡು ಆವತಿ ಹತ್ತಿರ ಇಳಿಜಾರು ಇಳಿಯುತ್ತಿದ್ದೆ. ಪಕ್ಕದಲ್ಲಿ ನಿಮ್ಮ ಮಗಳು ಸರೋಜ. ಕುರಿಮಂದೆ ಅಡ್ಡ ಬಂತು, ಬ್ರೇಕ್ ತುಳಿದೆ. ಲಾರಿ ಮೂತಿ ಬಗ್ಗಿಸಿತು. ಮುಂದಿನ ಗಾಲಿ ಎರಡೂ ಕಚ್ಚಿಕೊಂಡು ಜಾರಿದವು, ಸ್ಟಿಯರಿಂಗ್ ತಿರುಗಿಸಿದರೆ ಕೇಳಲಿಲ್ಲ, ಹಿಂದಿನ ಭಾರ ತಳ್ಳುತ್ತಲೇ ಇತ್ತು. ಕುರಿಗಳು ಹೇಗೋ ಚದುರಿದವು. ಸರೋಜ ಕೂತಿದ್ದ ಕಡೆಗೆ ಒಂದು ಮೊಳದಲ್ಲಿ ಹೊಂಗೆಮರ ಇತ್ತು, ಲಾರಿ ನಿಂತಾಗ. ಅವಳು ಹೇಳಿದ್ದು ಒಂದೇ ಮಾತು: "ಅಪ್ಪ ಇದ್ದಿದ್ರೆ ಹಿಂಗಾಗ್ತಿತ್ತಾ? ನಿಮಗೆ ಓಡ್ಸಕ್ಕೇ ಬರಲ್ಲ."

ಆ ಮಾತು ನನ್ನನ್ನು ಕೊರೆಯಿತು, ನಿಜ ಹೇಳ್ತೀನಿ. ಮನೆ ಮುಂದೆ ಭಾರ ಇಳಿಸಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಗೆ ಜಾಕ್ ಹಾಕಿ ಎತ್ತಿದೆ. ಸರೋಜಳನ್ನೇ ನಿಮ್ಮ ಸೀಟಿಗೆ ಹತ್ತಿಸಿ ಪೆಡಲ್ ತುಳಿ ಅಂದೆ. ಗಾಲಿ ತಿರುಗಿಸಿದರೆ ತಿರುಗಿತು.

"ತುಳಿದ್ಯಾ?"

"ತುಳಿದಿದೀನ್ರೀ."

"ಇನ್ನೂ ತುಳಿ."

"ಎರಡು ಕಾಲಲ್ಲೂ ತುಳೀತಿದೀನಿ."

ಗಾಲಿ ತಿರುಗುತ್ತಲೇ ಇತ್ತು. ಅವಳು ನಂಬಲಿಲ್ಲ. ಇಳಿದು ಬಂದು ನನ್ನನ್ನು ಮೇಲೆ ಕೂರಿಸಿ ತುಳಿಸಿದಳು, ತಾನೇ ಟೈರಿಗೆ ಕೈ ಕೊಟ್ಟು ತಳ್ಳಿದಳು. ಆ ಕಡೆಯದನ್ನೂ ಎತ್ತಿಸಿ ನೋಡಿದಳು. ಎರಡೂ ಹಾಗೇ. ಚಿಕ್ಕಂದಿನಿಂದ ಅವಳನ್ನು ಇದೇ ಲಾರಿಯಲ್ಲಿ ಕೂರಿಸಿಕೊಂಡು ಎಲ್ಲೆಲ್ಲಿಗೆ ಹೋಗಿದ್ದೀರಿ...

ಡ್ರಮ್ಮು ಬಿಚ್ಚಿದಾಗ ಲೈನರ್ ನೀವು ಹೇಳಿದ ಹಾಗೇ ದಪ್ಪಗಿತ್ತು. ಕನ್ನಡಿಯಂತೆ ಹೊಳೆಯಬೇಕಾದ ಡ್ರಮ್ಮಿನ ಒಳಮೈ ಪೂರ್ತಿ ತುಕ್ಕು. ಪೆಡಲ್ ತುಳಿದಾಗ ಲೈನರನ್ನು ಹೊರಕ್ಕೆ ತಳ್ಳುವ ಪುಟ್ಟ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿಕೊಂಡು ಎಷ್ಟು ವರ್ಷವಾಗಿತ್ತೋ. ಅದು ಅಲ್ಲಾಡದಿದ್ದರಿಂದಲೇ ಪೆಡಲ್ ಅಷ್ಟು ಗಟ್ಟಿ. ಯಾಕೆ ಗೊತ್ತಾ? ವಾರವಾರ ಕೆರೆಗೆ ಹಿಮ್ಮುಖವಾಗಿ ಇಳಿಸಿ, ಹಿಂದಿನ ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಮಗುವಿಗೆ ಮಾಡಿಸುವ ಹಾಗೆ ಸ್ನಾನ ಮಾಡಿಸುತ್ತಿದ್ದಿರಲ್ಲ, ಅದಕ್ಕೆ. ಅಷ್ಟು ಚೆನ್ನಾಗಿ ನೋಡಿಕೊಂಡದ್ದೇ ಅದಕ್ಕೆ ಮುಳುವಾಯಿತು.

ನೀವು ಹೇಗೆ ಓಡಿಸಿದಿರಿ ಅಂತ ಈಗ ಅರ್ಥವಾಗುತ್ತಿದೆ. ಎದುರಿಗೆ ಗಾಡಿ ಕಂಡರೆ ಅಷ್ಟು ದೂರದಿಂದಲೇ ಗೇರ್ ಇಳಿಸುತ್ತಿದ್ದಿರಿ. ಅದನ್ನು ನಾವು ಕೈಚಳಕ ಅಂದುಕೊಂಡೆವು. ಲಾರಿಯ ರೋಗಕ್ಕೆ ನಿಮಗೇ ತಿಳಿಯದಂತೆ ಹೊಂದಿಕೊಂಡಿದ್ದಿರಿ, ಅಷ್ಟೇ. ಕಾರ್ತಿಕದಲ್ಲಿ ನಿಮ್ಮ ಮಂಚದ ಮೇಲೆ, ನಿದ್ದೆಯಲ್ಲೇ ಹೋದಿರಿ. ಪುಣ್ಯ ಅಂತ ಆಗ ಎಲ್ಲರೂ ಅಂದರು. ಎಂಥಾ ಪುಣ್ಯ ಅಂತ ನನಗೆ ಈಗ ಗೊತ್ತಾಗುತ್ತಿದೆ.

ನಿನ್ನೆ ಸರೋಜ ನನ್ನನ್ನು ಬಸ್ಸು ಹತ್ತಿಸಿಕೊಂಡು ಶಿವಗಂಗೆಗೆ ಹೊರಟಳು. ದೇವರಿಗಲ್ಲ. ಬೆಟ್ಟದ ಕೆಳಗೆ ಮುನಿಯಪ್ಪ ಜಲ್ಲಿ ಒಡೆಯುತ್ತಾನೆ ಅಂತ ಯಾರೋ ಹೇಳಿದ್ದರು. ಅವನೆದುರು ನಿಂತು, "ಮುನಿಯಣ್ಣ, ನೀನು ಹೇಳಿದ್ದೇ ಸರಿ. ಹಿಂದಕ್ಕೆ ಬ್ರೇಕ್ ಇರ್ಲೇ ಇಲ್ಲ. ಅಪ್ಪ ನಿನಗೆ ಹೊಡೆದಿದ್ದು ತಪ್ಪು, ವಾಪಸ್ ಬಾ" ಅಂದಳು. ಅವನು ಸುತ್ತಿಗೆ ಕೆಳಗಿಟ್ಟ. "ಯಜಮಾನ್ರಿಗೆ ಹೇಳಿದ್ರಾ ತಾಯಿ?" ಅಂತ ಕೇಳಿದ.

ನೀವು ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ನನಗೆ ಏನು ತೋಚಿತೋ, "ಇಲ್ಲ, ನಾನು ಹೇಳ್ತೀನಿ" ಅಂದುಬಿಟ್ಟೆ.

"ನಿಧಾನಕ್ಕೆ ಹೇಳಿ ಸ್ವಾಮಿ," ಅಂದ. "ಆ ಲಾರಿ ಅಂದ್ರೆ ಅವರಿಗೆ ಜೀವ. ತುಂಬಾ ನೊಂದ್ಕಂತಾರೆ."

ನೀವಿಲ್ಲ ಅನ್ನುವುದನ್ನು ಆಮೇಲೆ ತಿಳಿಸಿದೆವು. ಹಿಂದಕ್ಕೆ ಹೊಸ ಸಿಲಿಂಡರ್ ಹಾಕಿಸಿ, ಸೋಮವಾರದಿಂದ ಲಾರಿ ಅವನೇ ಓಡಿಸ್ತಾನೆ. ನಿಧಾನಕ್ಕೆ ಹೇಳೋಕೆ ಮಾತ್ರ ನನ್ನಿಂದ ಆಗಲಿಲ್ಲ, ಮಾವ.