ಕಪ್ಪಾದ ಜರ್ಮನ್ ಚಾಕು

ರಾಜಾಜಿನಗರ, ಬೆಂಗಳೂರು-೧೦
೧೯-೧೦-೧೯೮೬, ಭಾನುವಾರ

ಪ್ರೀತಿಯ ನಾಣಿಗೆ,

ನಿನ್ನ ಅತ್ತಿಗೆ ಪಂಕಜಾಳ ಆಶೀರ್ವಾದ. ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಪುಣೆಯಲ್ಲಿ ಈಗಲೇ ಚಳಿ ಶುರುವಾಗಿದೆ ಅಂತ ಯಾರೋ ಹೇಳಿದರು. ಆ ಮೆಸ್ಸಿನ ಎಣ್ಣೆ ಪದಾರ್ಥ ಬಿಟ್ಟು ಎರಡು ದಿನ ಗಂಜಿ ಕುಡಿ. ಮೆಣಸಿನ ಕಷಾಯ ಮಾಡಿಕೊಳ್ಳಲು ನಿನಗೆ ಬರುತ್ತೆ, ಸೋಮಾರಿತನ ಅಷ್ಟೇ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬರೆಯುವಂಥ ಒಳ್ಳೆಯ ಸುದ್ದಿ ಒಂದೂ ಇಲ್ಲ ಅನ್ನಿಸಿ ಎದ್ದುಬಿಡುತ್ತಿದ್ದೆ. ಇವತ್ತೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನಿಮ್ಮಣ್ಣ ಚೆನ್ನಾಗಿದ್ದಾರೆ, ಅಂದರೆ ಎಂದಿನಂತೆ ಬಾಯಿಗೆ ಬೀಗ. ಮಾವನವರು ಚೆನ್ನಾಗಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದುಹಾಕಿದೆ. ಬಿಸಿಲು ಬಿದ್ದರೆ ಕಿಟಕಿ ಯಾವ ಕಡೆ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ಈಗ ಕಾಲೂ ಊದಿಕೊಂಡಿದೆ, ಕಿಡ್ನಿ ಕೈಕೊಡುತ್ತಿದೆಯಂತೆ. ಡಾಕ್ಟರು ನಿಮ್ಮಣ್ಣನನ್ನು ಹೊರಗೆ ಕರೆದು, ಬರಬೇಕಾದವರು ಯಾರಾದರೂ ಇದ್ದರೆ ಬಂದು ನೋಡಿಕೊಂಡು ಹೋಗಲಿ ಎಂದರು. ಬರಬೇಕಾದವನು ನೀನೊಬ್ಬನೇ. ನೀನು ಬರುವುದಿಲ್ಲ ಅಂತಲೂ ನನಗೆ ಗೊತ್ತು. ಕಳ್ಳ ಅಂದ ಬಾಯಲ್ಲೇ ಕಳ್ಳನಲ್ಲ ಅನ್ನಿಸಿಕೊಳ್ಳುವವರೆಗೆ ಈ ಹೊಸಿಲು ತುಳಿಯಲ್ಲ ಎಂದು ಹೇಳಿ ಹೋದವನು ನೀನು. ಮೂರು ವರ್ಷದಿಂದ ನಾನೂ ಆ ಒಂದು ಮಾತಿಗೇ ಕಾಯುತ್ತಿದ್ದೆ.

ಆ ಹಾಳು ಚಾಕುವಿನ ವಿಷಯ ಮತ್ತೆ ಎತ್ತಿದಳೆಂದು ಬೇಜಾರು ಮಾಡಿಕೊಳ್ಳಬೇಡ. ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದ ಜರ್ಮನ್ ಇಂಜಿನಿಯರು, ತನ್ನ ಕಾಗದಗಳನ್ನೆಲ್ಲ ಟೈಪ್ ಮಾಡಿಕೊಟ್ಟ ಮಾವನವರಿಗೆ ಊರಿಗೆ ಹೊರಡುವಾಗ ಕೊಟ್ಟ ಮಡಿಸುವ ಚಾಕು ಅದು. ಅಲ್ಲಿಂದ ಅವರಿಗೆ ಅದೇ ಹುಚ್ಚು ಹಿಡಿದು, ಸಂಡೇ ಬಜಾರಿನಲ್ಲಿ ಹುಡುಕಿ ಹುಡುಕಿ ಇನ್ನೂ ನಾಲ್ಕೈದು ಕೂಡಿಹಾಕಿದರಲ್ಲ. ರಜದ ದಿನ ಕಾಫಿ ಆದ ಮೇಲೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ. ಮಡಿಸಿ ಬೆಳಕಿಗೆ ಹಿಡಿ, ಬೆನ್ನಿನ ಸಂದಿಯಲ್ಲಿ ಬೆಳಕು ತೂರಿದರೆ ಅದು ಕಳಪೆ. ಬಿಚ್ಚಿ ಅಲ್ಲಾಡಿಸು, ಅಲಗು ಅತ್ತಿತ್ತ ಆಡಬಾರದು. ಕೊಂಬಿನ ಹಿಡಿ ಹಿತ್ತಾಳೆಗೆ ಸೇರುವ ಕಡೆ ಉಗುರು ಎಳೆ, ಎಲ್ಲೂ ತಡೆಯಬಾರದು. ಕೊನೆಗೆ ಕಿವಿಯ ಹತ್ತಿರ ಹಿಡಿದು ಮಡಿಸು. "ಕಣ್ಣಿಗೆ ಮೋಸ ಮಾಡಬಹುದು ಕಣೋ, ಈ ಟಕ್ ಅನ್ನೋ ಸದ್ದಿದೆಯಲ್ಲ, ಅದನ್ನ ಯಾರೂ ನಕಲಿ ಮಾಲಲ್ಲಿ ಹುಟ್ಟಿಸಕ್ಕಾಗಲ್ಲ" ಅನ್ನುತ್ತಿದ್ದರು. ನಾನು ಒಳಗಿನಿಂದ ನಗುತ್ತಿದ್ದೆ. ಇಷ್ಟೆಲ್ಲ ಹೇಳುವ ಮಹಾನುಭಾವರು ಆ ಚಾಕುವಿನಲ್ಲಿ ಒಂದು ಹಣ್ಣನ್ನೂ ಹೆಚ್ಚಿದವರಲ್ಲ. ಎಣ್ಣೆ ಸವರುವುದು, ಬಟ್ಟೆ ಸುತ್ತುವುದು, ಬೀರುವಿನಲ್ಲಿಡುವುದು.

ನೀನು ಮನೆ ಬಿಟ್ಟ ವರ್ಷದ ಆಯುಧಪೂಜೆಗೆ ತಾವೇ ಗಂಧ ತೇದು, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಎಲ್ಲ ಚಾಕುಗಳ ಅಲಗಿಗೂ ಹಚ್ಚಿ, ಒಂದೊಂದರ ಮೇಲೂ ನಿಂಬೆಹೋಳು ಇಟ್ಟರು. ಮಾರನೆಯ ಬೆಳಿಗ್ಗೆ ತೆಗೆದು ಒರೆಸಿದ್ದರೆ ನಮ್ಮ ಮನೆ ಹೀಗಾಗುತ್ತಿರಲಿಲ್ಲ. ಅಷ್ಟರಲ್ಲಿ ನಿಮ್ಮ ಕೆಂಗೇರಿ ದೊಡ್ಡಪ್ಪ ಹೋದ ಸುದ್ದಿ ಬಂತು. ಸೂತಕ. ಹತ್ತು ದಿನ ದೇವರ ಮನೆಯ ವಸ್ತು ಯಾರೂ ಮುಟ್ಟುವ ಹಾಗಿಲ್ಲ. ಶುದ್ಧಿಯಾದ ಮೇಲೆ ನೋಡಿದರೆ ಜರ್ಮನ್ ಚಾಕುವಿನ ಅಲಗು ಕರ್ರಗೆ, ಮೈಯೆಲ್ಲ ಗುಳಿ, ಬುಡದಲ್ಲಿ ಒತ್ತಿದ್ದ ಜರ್ಮನಿಯ ಊರ ಹೆಸರೂ ಕಾಣದು. ಪಕ್ಕದಲ್ಲಿದ್ದ ಸಂಡೇ ಬಜಾರಿನ ಚಾಕುಗಳು ಮಾತ್ರ ಫಳಫಳ. ದಸರೆಗೆ ಮುಂಚೆ ಸ್ನೇಹಿತರಿಗೆ ತೋರಿಸಲು ನೀನು ಹೇಳದೆ ಒಯ್ದಿದ್ದೆಯಲ್ಲ, ಅಷ್ಟೇ ಸಾಕಾಯಿತು. "ಜರ್ಮನಿ ಉಕ್ಕು ತುಕ್ಕು ಹಿಡಿಯಲ್ಲ. ಹಿಡಿ ಉಳಿಸಿ ಅಸಲಿ ಅಲಗು ಮಾರ್ಕೊಂಡು, ಯಾವುದೋ ಕಳಪೆ ಅಲಗು ಕೂಡಿಸಿದೀಯ ನೀನು" ಎಂದರು. ಪೂಜೆಯ ದಿನ ಹೊಳೆಯುತ್ತಿತ್ತಲ್ಲ ಎಂದು ನೀನು ಕೇಳಿದ್ದಕ್ಕೆ, ಪಾಲಿಶ್ ಎಷ್ಟು ದಿನ ಇರುತ್ತೆ ಎಂದರು. ಒಂದು ಸಲ ಕಿವಿ ಹತ್ರ ಹಿಡೀರಿ ಅಪ್ಪ ಎಂದು ನೀನು ಬೇಡಿಕೊಂಡದ್ದು ನನಗೆ ಇನ್ನೂ ಕೇಳಿಸುತ್ತದೆ. ಹಿಡಿಯಲಿಲ್ಲ. ಹಿತ್ತಲಿಗೆ ಎಸೆದರು.

ಎತ್ತಿಕೊಂಡು ಬಂದವಳು ನಾನು. ಅಂದಿನಿಂದ ಅದು ನನ್ನ ಅಡುಗೆಮನೆಯಲ್ಲಿದೆ. ಈಳಿಗೆಮಣೆಗೆ ಬಗ್ಗಲಾರದ ದಿನ ಬಾಳೆಹೂವು, ಮಾವಿನಕಾಯಿ ಎಲ್ಲ ಅದರಲ್ಲೇ. ಹೆಚ್ಚಿದಾಗಲೆಲ್ಲ ಅಲಗು ಇನ್ನಷ್ಟು ಕಪ್ಪಾಗುತ್ತಿತ್ತು. ಒಗೆಯುವ ಕಲ್ಲಿಗೆ ಎರಡು ಸಲ ಉಜ್ಜಿ ಹಣ್ಣಾದ ಟೊಮೆಟೊ ಮೇಲಿಟ್ಟರೆ ಒತ್ತುವುದೇ ಬೇಡ, ತಾನೇ ಇಳಿಯುತ್ತೆ. ಬೀರುವಿನ ಫಳಫಳ ಚಾಕುಗಳಲ್ಲಿ ಒಂದನ್ನು ತೆಗೆದು ಅದೇ ಕಲ್ಲಿಗೆ ಉಜ್ಜಿ ನೋಡಿದೆ. ಎಷ್ಟು ಉಜ್ಜಿದರೂ ಟೊಮೆಟೊ ಜಜ್ಜಿಹೋಯಿತು. ಹುಳಿ ತಗುಲಿದರೆ ಕಪ್ಪಾಗುವುದು, ನೀರಿನಲ್ಲಿ ಬಿಟ್ಟರೆ ತುಕ್ಕು ಹಿಡಿಯುವುದು ಆ ಉಕ್ಕಿನ ಗುಣವೇ ಎಂದು ನನಗೆ ತಿಳಿದದ್ದು ಹೀಗೆ. ನಮ್ಮ ಈಳಿಗೆಮಣೆಯೂ ಹಾಗೇ ಅಲ್ಲವೇ? ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ, ಬುಡದ ಅಕ್ಷರಗಳೂ ಮಸುಕಾಗಿ ಎದ್ದುಬಂದವು. ನಿಮ್ಮಣ್ಣನಿಗೆ ತೋರಿಸಿದೆ. "ಈಗ ಯಾಕೆ ಅದೆಲ್ಲ, ಅಪ್ಪಂಗೆ ಬೀಪಿ ಏರುತ್ತೆ" ಎಂದು ಪೇಪರಿನ ಹಿಂದೆ ಹೋದರು. ಮಾವನವರೋ, ನಿನ್ನ ಹೆಸರು ಬಂದ ಕೂಡಲೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಎಷ್ಟು ಸಲ ಬಾಯಿ ತೆರೆದು ಮುಚ್ಚಿದ್ದೇನೋ ಲೆಕ್ಕವಿಲ್ಲ.

ಹೋದ ವಾರ ಆಯುಧಪೂಜೆ. ಮಾವನವರು ಚಾಕುಗಳನ್ನೆಲ್ಲ ತಾ ಎಂದರು. ಚಾಕು ಕೈಯಿಂದ ಕೈಗೆ ಕೊಡಬಾರದಲ್ಲ, ಮುಂದೆ ಮಣೆ ಹಾಕಿ ಸಾಲಾಗಿ ಇಟ್ಟೆ. ಮಾತಾಡದೆ ಅಡುಗೆಮನೆಯ ಈ ಕಪ್ಪು ಚಾಕುವನ್ನೂ ಸಾಲಿನ ಕೊನೆಗೆ ಇಟ್ಟೆ. ಒಂದೊಂದನ್ನೂ ಬಿಚ್ಚಿ, ಹೆಬ್ಬೆರಳಲ್ಲಿ ಸವರಿ, ಕಿವಿಯ ಹತ್ತಿರ ಮಡಿಸಿ ಪಕ್ಕಕ್ಕೆ ಸರಿಸಿದರು. ಇದರ ಸರದಿ ಬಂತು. ಟಕ್ ಎಂದಿತು. ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು. "ಪಂಕಜಾ, ಇದು ನಂದು ಕಣಮ್ಮ. ಅದೇ ಅಲಗು" ಎಂದರು. ಕಾಣದ ಕಣ್ಣುಗಳಲ್ಲಿ ನೀರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಿನ್ನ ಮೇಲಿನ ಅಪವಾದ ಅಲ್ಲಿಗೆ ಕಳೆಯಿತು ಅಂದುಕೊಂಡೆ. ನಾನೂ ಒಬ್ಬಳು ಪೆದ್ದಿ.

ಇನ್‌ಲ್ಯಾಂಡ್ ಕಾಗದದಲ್ಲಿ ಇನ್ನು ಜಾಗವಿಲ್ಲ. ರಾತ್ರಿ ಪಾಳಿಯಿದ್ದರೆ ಕಿವಿಗೆ ಮಫ್ಲರ್ ಸುತ್ತಿಕೋ. ನಿಮ್ಮಣ್ಣನ ಆಶೀರ್ವಾದವೂ ಇದರಲ್ಲಿದೆ; ಅವರು ಹೇಳಿಲ್ಲ, ನಾನೇ ಸೇರಿಸಿದ್ದೇನೆ. ಎಲ್ಲಿದ್ದರೂ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಪಂಕಜಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಮಡಿಸುವ ಅಂಚಿನಲ್ಲಿ ತುರುಕುತ್ತಿದ್ದೇನೆ. ಅದೇ ಅಲಗು ಎಂದವರು ಅದೇ ಉಸಿರಿನಲ್ಲಿ, "ಅಂತೂ ನಾಣಿ ಮಾರಿದ ಅಲಗನ್ನ ವಾಪಸ್ ತಂದು ಕೂಡಿಸಿದ್ನಾ? ಯಾವಾಗ ಬಂದಿದ್ದ?" ಎಂದು ಕೇಳಿದರು. ಇದು ಈ ಮನೆ ಬಿಟ್ಟು ಎಲ್ಲೂ ಹೋಗಿಲ್ಲ, ನನ್ನ ಅಡುಗೆಮನೆಯಲ್ಲೇ ಇತ್ತು ಎಂದು ದೇವರ ಮೇಲೆ ಆಣೆಯಿಟ್ಟು ಹೇಳಿದೆ. "ಮೈದುನನ್ನ ನೀನು ಬಿಟ್ಕೊಡಲ್ಲ ಬಿಡು" ಎಂದು ನಕ್ಕರು. ದಿನಾ ಹೇಳುತ್ತೇನೆ, ದಿನಾ ನಗುತ್ತಾರೆ. ಚಾಕು ಅವರ ದಿಂಬಿನ ಕೆಳಗಿದೆ. "ತಪ್ಪು ತಿದ್ಕೊಂಡಿದಾನೆ, ನಾನು ಕ್ಷಮಿಸಿದೀನಿ, ಬರಕ್ಕೆ ಹೇಳು" ಎಂದು ನಿನಗೆ ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ. ಮಾಡದ ಕಳ್ಳತನಕ್ಕೆ ಕ್ಷಮೆ ತೆಗೆದುಕೊಂಡು ಹೋಗು ಎಂದು ಯಾವ ಬಾಯಲ್ಲಿ ನಿನ್ನನ್ನು ಕರೆಯಲಿ? ಗೇಟಿನ ಸದ್ದಾದಾಗಲೆಲ್ಲ, ನಾಣಿನಾ ಎಂದು ಕೇಳುತ್ತಾರೆ.